ಕತ್ತಿನ ಶಸ್ತ್ರಚಿಕಿತ್ಸೆಯ ನಂತರ ಒಸರುವ ಹಾಲ್ಬಣ್ಣದ ದ್ರವ

ಅಡಿಕೆ ಬೆಳೆದು ಬದುಕುವ ಕೋಣಂದೂರಿನಂಥ ಮಲೆನಾಡಿನ ಊರುಗಳಲ್ಲಿ ಕವಳ (ಎಲೆಯಡಿಕೆ) ಹಾಕುವ ಅಭ್ಯಾಸ ಹಳೆಯದು. ಕವಳದ ಜೊತೆ ಹೊಗೆಸೊಪ್ಪು ಸೇರಿದಾಗ ಬಾಯಿಯ ಕ್ಯಾನ್ಸರ್‌ನ ಅಪಾಯ ಹೆಚ್ಚುತ್ತದೆ. ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು, ಬೆಳೆಗಾರರಿಗೆ ಅದು ಹಿಡಿಸದ ಮಾತಾದರೂ. ಈ ರೋಗ ಕತ್ತಿನ ದುಗ್ಧಗ್ರಂಥಿಗಳಿಗೆ ಹರಡಿದಾಗ, ಇಲ್ಲವೇ ಹರಡಿರುವ ಶಂಕೆಯಿದ್ದಾಗ, ಆ ಗ್ರಂಥಿಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಗುತ್ತದೆ.

ಕರುಳು ಹೀರಿಕೊಂಡ ಕೊಬ್ಬನ್ನು ಹೊತ್ತ, ಹಾಲಿನಂಥ ದ್ರವಕ್ಕೆ ಕೈಲ್ ಎಂದು ಹೆಸರು. ಇದನ್ನು ದಿನಕ್ಕೆ 2ರಿಂದ 4 ಲೀಟರ್‌ನಷ್ಟು ರಕ್ತಕ್ಕೆ ಮುಟ್ಟಿಸುವ ವಕ್ಷ ದುಗ್ಧನಾಳವು ಬೆನ್ನೆಲುಬಿನ ಮುಂದೆ ಮೇಲೇರಿ, ಎಡಗತ್ತಿನ ಬುಡದಲ್ಲಿ ಬಾಗಿ, ಕತ್ತಿನ ಮತ್ತು ತೋಳಿನ ಅಭಿಧಮನಿಗಳು ಕೂಡುವಲ್ಲಿ ಸೇರುತ್ತದೆ. ಗೋಡೆ ತೀರ ತೆಳುವಾದ, ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿ ಕವಲೊಡೆಯುವ ಈ ನಾಳ ಗ್ರಂಥಿಗಳನ್ನು ತೆಗೆಯುವಾಗ ಕೊಯ್ದುಹೋದರೂ, ರೋಗಿ ಉಪವಾಸವಿರುವುದರಿಂದ ದ್ರವ ತಿಳಿಯಾಗಿಯೇ ಇದ್ದು ಕಣ್ಣಿಗೆ ಬೀಳದೆ ಹೋಗಬಹುದು. ಆದ್ದರಿಂದ ಗಾಯ ಮುಚ್ಚುವ ಮುನ್ನ ಅರಿವಳಿಕೆ ತಜ್ಞರು ಶ್ವಾಸಕೋಶದೊಳಗಿನ ಗಾಳಿಯ ಒತ್ತಡವನ್ನು ಕೆಲ ಕ್ಷಣ ಏರಿಸುತ್ತಾರೆ. ಆಗ ಎಲ್ಲಾದರೂ ದ್ರವ ಒಸರಿದರೆ ಶಸ್ತ್ರಚಿಕಿತ್ಸಕರು ಅಲ್ಲಿಯೇ ಹೊಲಿಗೆ ಹಾಕುತ್ತಾರೆ.

ಅಲ್ಲಿ ತಪ್ಪಿದ್ದು ವಾರ್ಡಿನಲ್ಲಿ ಸಿಗಬೇಕು. ಗಾಯದೊಳಗಿನ ದ್ರವವನ್ನು ಹೊರಗೆಳೆಯುವ ಡ್ರೈನ್ ಕೊಳವೆಯ ಡಬ್ಬಿಯಲ್ಲಿ ಮೊದಲು ರಕ್ತಮಿಶ್ರಿತ ದ್ರವವಿದ್ದು ದಿನೇ ದಿನೇ ಕಡಿಮೆಯಾಗುವುದು ಸಹಜ. ಮೂಗಿನ ನಳಿಕೆಯಿಂದ ಆಹಾರ ಕೊಡಲಾರಂಭಿಸಿದ ಮೇಲೆ ಅದು ಇದ್ದಕ್ಕಿದ್ದಂತೆ ಏರಿದರೆ, ಬೆಳ್ಳಗಾದರೆ, ಸೋರಿಕೆಯ ಗುಮಾನಿ ಬರಬೇಕು. ಬಣ್ಣಕ್ಕಾಗಿ ಕಾಯುವುದು ಮಾತ್ರ ತಪ್ಪು, ಏಕೆಂದರೆ ಕೊಬ್ಬು ಕಡಿಮೆಯಿರುವ ಆಹಾರ ಪಡೆದವರಲ್ಲಿ ದ್ರವ ಬೆಳ್ಳಗಾಗದೆಯೂ ಸೋರಬಹುದು. ಅನುಮಾನವಿದ್ದಲ್ಲಿ ಅದರ ಟ್ರೈಗ್ಲಿಸರೈಡ್ ಅಳೆಯಬೇಕು. ಡೆಸಿಲೀಟರಿಗೆ 110 ಮಿಲಿಗ್ರಾಂ ಮೀರಿದರೆ ಅದು ಕೈಲ್ ಎಂದೇ ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಹೀಗಾಗಿ, ದುಬಾರಿ ಯಂತ್ರಗಳಿಗಿಂತ ಮೊದಲು ನೆರವಿಗೆ ಬರುವುದು ದಾದಿಯರು ಪ್ರತಿ ಪಾಳಿಯಲ್ಲೂ ಅಳೆದು ಬರೆದಿಡುವ ಡ್ರೈನ್ ಲೆಕ್ಕವೇ.

ಬೇಗ ಗೊತ್ತಾದರೆ, ದುಗ್ಧನಾಳವನ್ನು ಹಾಯದೆ ನೇರ ಯಕೃತ್ತಿಗೆ ಸಾಗುವ ಮಧ್ಯಮ ಸರಪಳಿಯ ಕೊಬ್ಬಿನ ಆಹಾರದಿಂದಲೇ ಅನೇಕ ಸೋರಿಕೆಗಳು ನಿಲ್ಲುತ್ತವೆ. ತಡವಾದರೆ ಪ್ರೋಟೀನು, ಲವಣ, ಬಿಳಿ ರಕ್ತಕಣಗಳು ನಷ್ಟವಾಗಿ ರೋಗಿ ಸೊರಗುತ್ತಾನೆ, ಗಾಯ ಕೂಡುವುದಿಲ್ಲ, ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ರೋಗಿಯ ಬಳಿ ಇರುವ ಮನೆಯವರು ಅಕ್ಕರೆಯಿಂದ ಹಾಲು, ತುಪ್ಪ ಕೊಡುವ ಮೊದಲು ವೈದ್ಯರನ್ನು ಕೇಳಲಿ, ಡ್ರೈನ್ ಡಬ್ಬಿಯನ್ನು ಅಳೆಯುವ ಮುನ್ನ ಖಾಲಿ ಮಾಡದಿರಲಿ.