12 ಉತ್ತರ ಖಾಲಿ ಹೇಗಾಯ್ತು? ಓಎಂಆರ್ ಹಾಳೆಗೆ ಝೋನ್ ಹಾಕುವ ಸರಿಯಾದ ಕ್ರಮ

ಇವತ್ತಿನ ಮಾತು ಓಎಂಆರ್ ಹಾಳೆ ಬಗ್ಗೆ. ಪರೀಕ್ಷೆಯಲ್ಲಿ ವೃತ್ತ ತುಂಬ್ತೀವಲ್ಲ, ಅದೇ ಹಾಳೆ. ಅದನ್ನು ಸ್ಕ್ಯಾನ್ ಮಾಡಿದ ಮೇಲೆ ಕಂಪ್ಯೂಟರ್‌ಗೆ "ಈ ಜಾಗದಲ್ಲಿ ನೋಡು, ಇಲ್ಲಿ ಕಪ್ಪಾಗಿದ್ಯಾ ಹೇಳು" ಅಂತ ತೋರಿಸಿಕೊಡೋ ಚೌಕಗಳಿಗೆ ಝೋನ್ ಅಂತಾರೆ. ಝೋನ್ ಹಾಕೋದು ಸುಲಭ ಅಂತ ನಾನೂ ಅಂದ್ಕೊಂಡಿದ್ದೆ. ಒಬ್ಬ ತಂದೆ ಬಂದು ಕೇಳಿದ ಒಂದು ಪ್ರಶ್ನೆ ನನಗೆ ಪಾಠ ಕಲಿಸ್ತು. ಅದನ್ನೇ ಮೊದಲು ಹೇಳ್ತೀನಿ.

ನಾನಿರೋದು ಪುಣೆಯಲ್ಲಿ. ಇಲ್ಲಿ ಶಾಲಾ ಮಕ್ಕಳಿಗೆ ಮಹಾರಾಷ್ಟ್ರ ರಾಜ್ಯ ಪರೀಕ್ಷಾ ಪರಿಷತ್ತು ವಿದ್ಯಾರ್ಥಿವೇತನ ಪರೀಕ್ಷೆ ನಡೆಸುತ್ತೆ. ಆ ಪರಿಷತ್ತಿನ ಕಚೇರಿ ಇರೋದೂ ಪುಣೆಯಲ್ಲೇ. ಹತ್ತು ವರ್ಷದ ಮಗು ಮೊದಲ ಸಲ ಓಎಂಆರ್ ಹಾಳೆ ಮುಟ್ಟೋದು ಸಾಮಾನ್ಯವಾಗಿ ಅಲ್ಲೇ. ಅದಕ್ಕೆ ಅಭ್ಯಾಸ ಆಗಲಿ ಅಂತ ನಾವು ಕೆಲವರು ಸೇರಿ ಒಂದು ಮಾದರಿ ಪರೀಕ್ಷೆ ಇಟ್ಟಿದ್ವಿ. ಅದರಲ್ಲಿ ಹೆಚ್ಚು ಅಂಕ ಬಂದವರಿಗೆ ಉಚಿತ ಕೋಚಿಂಗ್. ಹಾಳೆ ಮಾಡಿದ್ದು, ಝೋನ್ ಹಾಕಿದ್ದು, ಎಣಿಸಿದ್ದು ಎಲ್ಲಾ ನಾನೇ.

ಫಲಿತಾಂಶ ಹಾಕಿದ ಮರುದಿನ ವಿಜಯಪುರ ಕಡೆಯಿಂದ ಬಂದು ಇಲ್ಲಿ ಗೌಂಡಿ ಕೆಲಸ ಮಾಡುವ ಒಬ್ಬರು ಮಗಳನ್ನು ಕರ್ಕೊಂಡು ಬಂದ್ರು. "ಸರ, ಎಲ್ಲಾ ಬರದೀನಿ ಅಂತಾಳ್ರೀ ಹುಡುಗಿ. ಹನ್ನೆರಡು ಖಾಲಿ ಅಂತ ಹೆಂಗ್ ಬಂತ್ರೀ?" ಅಂದ್ರು. ಆ ಮಗುಗೆ ಬಂದಿದ್ದು 30ಕ್ಕೆ 11. ಹಾಳೆ ತೆಗೆದು ನೋಡಿದೆ. ಮೂವತ್ತೂ ವೃತ್ತ ಅಚ್ಚುಕಟ್ಟಾಗಿ ತುಂಬಿದ್ದಳು. ಕೈಯಲ್ಲಿ ಎಣಿಸಿದ್ರೆ 25.

ಏನಾಗಿತ್ತು? ಪ್ರಿಂಟ್ ಮಾಡಿದ ಹಾಳೆ ಸಾಲದೆ ಹೋದಾಗ ಪಕ್ಕದ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿದ್ವಿ. ಜೆರಾಕ್ಸ್ ಮಷಿನ್ ಹಾಳೆಯನ್ನು ಶೇಕಡ 98ಕ್ಕೆ ಇಳಿಸಿತ್ತು. ಕಣ್ಣಿಗೆ ಇದು ಗೊತ್ತೇ ಆಗಲ್ಲ. ಆದ್ರೆ ಲೆಕ್ಕ ನೋಡಿ. ನನ್ನ ಹಾಳೆಯಲ್ಲಿ ಮೊದಲ ಪ್ರಶ್ನೆ ಮೇಲಿನ ಅಂಚಿನಿಂದ 60 ಮಿ.ಮೀ. ದೂರ, ಸಾಲಿನಿಂದ ಸಾಲಿಗೆ 6 ಮಿ.ಮೀ. 1ನೇ ಪ್ರಶ್ನೆ ಜಾರಿದ್ದು 1.2 ಮಿ.ಮೀ. ಮಾತ್ರ, ಝೋನ್ ಒಳಗೇ ಇತ್ತು, ಸರಿಯಾಗಿ ಓದಿತು. 16ನೇ ಪ್ರಶ್ನೆ ಇದ್ದದ್ದು 150 ಮಿ.ಮೀ. ಹತ್ತಿರ, ಅದು ಜಾರಿದ್ದು 3 ಮಿ.ಮೀ. ಅಂದ್ರೆ ಝೋನ್ ಹೋಗಿ ಎರಡು ಸಾಲುಗಳ ನಡುವಿನ ಬಿಳಿ ಜಾಗದಲ್ಲಿ ಕೂತಿತ್ತು. 29ನೇ ಪ್ರಶ್ನೆ ಹೊತ್ತಿಗೆ ನಾಲ್ಕೂವರೆ ಮಿ.ಮೀ. ಜಾರಿ, ಅದರ ಝೋನ್ 30ನೇ ಪ್ರಶ್ನೆಯ ಉತ್ತರವನ್ನು ಓದ್ತಾ ಇತ್ತು. 30ರ ಝೋನ್‌ಗೆ ಓದೋಕೆ ಏನೂ ಉಳಿದಿರಲಿಲ್ಲ. ಹಾಗಾಗಿ ಮೊದಲ ಹತ್ತು ಸರಿ, 11ರಿಂದ 21 ಖಾಲಿ, 22ರಿಂದ 29 ಮುಂದಿನ ಪ್ರಶ್ನೆಯ ಉತ್ತರ, 30 ಖಾಲಿ. ತಪ್ಪು ಮಗುವಿನದ್ದಲ್ಲ, ಜೆರಾಕ್ಸ್ ಅಂಗಡಿಯವರದ್ದೂ ಅಲ್ಲ. ಝೋನ್‌ಗಳನ್ನು ಕಾಗದದ ಅಂಚಿನಿಂದ ಅಳೆದಿದ್ದು ನನ್ನ ತಪ್ಪು.

ಇದರಿಂದ ಮೊದಲ ನಿಯಮ. ಝೋನ್ ಅನ್ನು ಅಂಚಿನಿಂದ ಅಳೀಬೇಡಿ, ಗುರುತಿನಿಂದ ಅಳೀರಿ. ಹಾಳೆಯ ನಾಲ್ಕು ಮೂಲೆಯಲ್ಲೂ ಗಟ್ಟಿ ಕಪ್ಪು ಚೌಕ ಹಾಕಿ. ತಂತ್ರಾಂಶ ಮೊದಲು ಆ ನಾಲ್ಕನ್ನು ಹುಡುಕಬೇಕು, ಹಾಳೆ ಎಷ್ಟು ಓರೆಯಾಗಿದೆ, ಎಷ್ಟು ಕುಗ್ಗಿದೆ ಅಂತ ಲೆಕ್ಕ ಹಾಕಿ ಚಿತ್ರವನ್ನು ನೇರ ಮಾಡಬೇಕು, ಆಮೇಲೆ ಝೋನ್ ನೋಡಬೇಕು. ಆಗ 98 ಆಗಲಿ 102 ಆಗಲಿ, ಗುರುತೂ ವೃತ್ತವೂ ಒಟ್ಟಿಗೇ ಜಾರೋದ್ರಿಂದ ತೊಂದರೆ ಇಲ್ಲ. ನಾಲ್ಕರಲ್ಲಿ ಒಂದು ಗುರುತು ಬೇರೆ ಆಕಾರದ್ದಿರಲಿ, ಹಾಳೆ ತಲೆಕೆಳಗಾಗಿ ಸ್ಕ್ಯಾನ್ ಆದ್ರೆ ತಿಳಿಯುತ್ತೆ. ನಾಲ್ಕೂ ಸಿಗದಿದ್ರೆ ಆ ಹಾಳೆಯನ್ನು ಓದಲೇಬಾರದು, ಪಕ್ಕಕ್ಕೆ ಇಡಬೇಕು. ದೊಡ್ಡ ಪರೀಕ್ಷೆಗಳ ಹಾಳೆಯ ಅಂಚಿನಲ್ಲಿ ಸಾಲಾಗಿ ಕಪ್ಪು ಗೆರೆಗಳಿರ್ತವೆ, ನೋಡಿರ್ತೀರಿ. ಅವು ಅಲಂಕಾರ ಅಲ್ಲ, ಪ್ರತಿ ಸಾಲು ಎಲ್ಲಿದೆ ಅಂತ ಯಂತ್ರಕ್ಕೆ ಹೇಳೋ ಗುರುತುಗಳು.

ಎರಡನೇದು, ಸ್ಕ್ಯಾನ್. 200 ಡಿಪಿಐ ಅಂದ್ರೆ 1 ಮಿ.ಮೀ.ಗೆ ಸುಮಾರು 8 ಪಿಕ್ಸೆಲ್. 4 ಮಿ.ಮೀ. ವೃತ್ತಕ್ಕೆ 31 ಪಿಕ್ಸೆಲ್ ಅಗಲ ಸಿಗುತ್ತೆ, ಇದು ಸಾಕು. 300ರಲ್ಲಿ 47 ಸಿಗುತ್ತೆ, ಫೈಲ್ ಮಾತ್ರ ದೊಡ್ಡದಾಗುತ್ತೆ. ಮುಖ್ಯವಾದದ್ದು ಗ್ರೇ-ಸ್ಕೇಲ್‌ನಲ್ಲಿ ಸ್ಕ್ಯಾನ್ ಮಾಡೋದು. ಬರೀ ಕಪ್ಪು-ಬಿಳುಪು ಇಟ್ರೆ ತೆಳುವಾಗಿ ತುಂಬಿದ ಪೆನ್ಸಿಲ್ ಗುರುತನ್ನು ಸ್ಕ್ಯಾನರ್ರೇ ಅಳಿಸಿಬಿಡುತ್ತೆ, ಆಮೇಲೆ ನೀವೇನು ಮಾಡಿದ್ರೂ ವಾಪಸ್ ಬರಲ್ಲ.

ಮೂರನೇದು, ಝೋನ್ ಗಾತ್ರ. ವೃತ್ತದ ಗೆರೆಯನ್ನು ಝೋನ್ ಒಳಗೆ ಸೇರಿಸಬೇಡಿ. ವೃತ್ತ 4 ಮಿ.ಮೀ. ಇದ್ರೆ ಝೋನ್ 3 ಮಿ.ಮೀ. ಇರಲಿ. ಗೆರೆ ಒಳಗೆ ಬಂದ್ರೆ ಖಾಲಿ ವೃತ್ತವೂ ಸ್ವಲ್ಪ ಕಪ್ಪು ಅಂತ ಎಣಿಕೆಯಾಗುತ್ತೆ. ವೃತ್ತದೊಳಗೆ ದಪ್ಪ ಅಕ್ಷರ ಮುದ್ರಿಸಿದ್ರೂ ಇದೇ ಕಷ್ಟ, ತಿಳಿ ಬಣ್ಣದಲ್ಲಿ ಹಾಕಿ. ಕೆಂಪು, ಗುಲಾಬಿ ಬಣ್ಣದ ಓಎಂಆರ್ ಹಾಳೆ ಬರೋದು ಇದಕ್ಕೇ. ಕೆಂಪು ಬೆಳಕಿನಲ್ಲಿ ಓದಿದಾಗ ಕೆಂಪು ಗೆರೆ ಮಾಯವಾಗುತ್ತೆ, ಮಗು ತುಂಬಿದ್ದು ಮಾತ್ರ ಉಳಿಯುತ್ತೆ. ಆದ್ರೆ ಅಂಥ ಹಾಳೆಯನ್ನು ಜೆರಾಕ್ಸ್ ಮಾಡಿಸಿದ್ರೆ ಕೆಂಪೆಲ್ಲಾ ಕಪ್ಪಾಗಿ ಆ ಲಾಭ ಹೋಗಿಬಿಡುತ್ತೆ.

ನಾಲ್ಕನೇದು, ಎಷ್ಟು ಕಪ್ಪಾದ್ರೆ "ತುಂಬಿದೆ" ಅನ್ನೋದು. ಎಲ್ಲಾ ಹಾಳೆಗೂ ಒಂದೇ ಅಳತೆ ಇಡಬೇಡಿ. ಒಬ್ಬರು ಒತ್ತಿ ತುಂಬ್ತಾರೆ, ಇನ್ನೊಬ್ಬರು ಹಗುರವಾಗಿ. ಒಂದು ಸಾಲಿನ ನಾಲ್ಕು ವೃತ್ತಗಳನ್ನು ಒಂದಕ್ಕೊಂದು ಹೋಲಿಸಿ. ಒಂದು ಉಳಿದ ಮೂರಕ್ಕಿಂತ ಸ್ಪಷ್ಟವಾಗಿ ಕಪ್ಪಿದ್ರೆ ಅದೇ ಉತ್ತರ. ಎರಡು ಹತ್ತಿರ ಹತ್ತಿರ ಇದ್ರೆ ತಂತ್ರಾಂಶ ತಾನೇ ತೀರ್ಮಾನ ಮಾಡಬಾರದು, "ಮನುಷ್ಯ ನೋಡಲಿ" ಅಂತ ಪಟ್ಟಿಗೆ ಹಾಕಬೇಕು.

ಇದು ಹಳೇ ಸಮಸ್ಯೆ. 1938ರಲ್ಲಿ ಬಂದ ಐಬಿಎಂ 805 ಯಂತ್ರ ಬೆಳಕಿನಿಂದ ಓದ್ತಾ ಇರಲಿಲ್ಲ. ಪೆನ್ಸಿಲ್ ಸೀಸದಲ್ಲಿ ವಿದ್ಯುತ್ ಹರಿಯುತ್ತಲ್ಲ, ಅದನ್ನು ಹಿಡಿದು ಅಂಕ ಕೊಡ್ತಿತ್ತು. ಅದರ ಹಿಂದಿದ್ದ ರೆನಾಲ್ಡ್ ಜಾನ್ಸನ್ ಮೊದಲು ಶಾಲಾ ಮೇಷ್ಟ್ರು. ಆಗಲೂ ತೆಳು ಗುರುತು, ಅರ್ಧ ಅಳಿಸಿದ ಗುರುತು ತಲೆನೋವೇ.

ಐದನೇದು, ಮೂಲ ಸ್ಕ್ಯಾನ್ ಚಿತ್ರ ಜೋಪಾನ. ಕರ್ನಾಟಕದಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆ ನೆನಪಿರಬಹುದು. ಓಎಂಆರ್ ಹಾಳೆಯಲ್ಲಿ ಖಾಲಿ ಬಿಟ್ಟ ವೃತ್ತಗಳನ್ನು ಆಮೇಲೆ ತುಂಬಲಾಗಿದೆ ಅನ್ನೋ ಆರೋಪ ಬಂದು, 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡ್ತು. ಪ್ರಾಮಾಣಿಕವಾಗಿ ಬರೆದವರೂ ಮತ್ತೆ ಬರೀಬೇಕಾಯ್ತು. ಹಾಗಾಗಿ ಪರೀಕ್ಷೆ ಮುಗಿದ ಕೂಡಲೇ ಸ್ಕ್ಯಾನ್ ಮಾಡಿ, ಪ್ರತಿ ಹಾಳೆಯಲ್ಲಿ ಎಷ್ಟು ಖಾಲಿ ಅಂತ ಆಗಲೇ ದಾಖಲಿಸಿ, ಅಭ್ಯರ್ಥಿ ಕೈಗೆ ಕಾರ್ಬನ್ ಪ್ರತಿ ಕೊಡಿ. ಝೋನ್ ಓದಿದ ಫಲಿತಾಂಶ ಬರೀ ಒಂದು ಅಂಕಿ. ಸಾಕ್ಷಿ ಇರೋದು ಹಾಳೆಯಲ್ಲಿ.

ಕೊನೇದು, ಪರೀಕ್ಷೆಗೆ ಮುಂಚೆ ಪರೀಕ್ಷೆ. ಉತ್ತರ ನಿಮಗೆ ಗೊತ್ತಿರೋ ಹತ್ತು ಹಾಳೆ ನೀವೇ ತುಂಬಿ. ಒಂದು ಪೂರ್ತಿ ಖಾಲಿ, ಒಂದರಲ್ಲಿ ಎಲ್ಲಾ ಮೊದಲ ಆಯ್ಕೆ, ಒಂದು ತೆಳು ಪೆನ್ಸಿಲ್, ಒಂದರಲ್ಲಿ ಎರಡೆರಡು ವೃತ್ತ, ಒಂದು ಓರೆ, ಒಂದು ತಲೆಕೆಳಗು, ಒಂದು ಜೆರಾಕ್ಸ್ ಪ್ರತಿ. ಹತ್ತೂ ಸರಿ ಬಂದ ಮೇಲೆ ಮಕ್ಕಳ ಹಾಳೆ ಮುಟ್ಟಿ. ಫಲಿತಾಂಶ ಬಂದ ಮೇಲೆ ಯಾವ ಪ್ರಶ್ನೆ ಎಷ್ಟು ಮಂದಿಗೆ ಖಾಲಿ ಅಂತಲೂ ನೋಡಿ. ನಾನು ನೋಡಿದ್ದಿದ್ರೆ, ಜೆರಾಕ್ಸ್ ಹಾಳೆ ಸಿಕ್ಕ ಎಲ್ಲಾ ಮಕ್ಕಳೂ 11ರಿಂದ 21ರವರೆಗೆ ಒಟ್ಟಿಗೇ ಖಾಲಿ ಬಿಟ್ಟಿದ್ದು ಆ ರಾತ್ರಿಯೇ ಕಾಣ್ತಿತ್ತು. ಇಷ್ಟು ಮಕ್ಕಳು ಅದೇ ಪ್ರಶ್ನೆಗಳನ್ನು ಒಟ್ಟಿಗೆ ಬಿಡ್ತಾರಾ?

ಎಲ್ಲಾ ಹಾಳೆ ಮತ್ತೆ ಓದಿಸಿ ಹೊಸ ಪಟ್ಟಿ ಹಾಕಿದ್ವಿ. ಆ ಹುಡುಗಿಗೆ ಕೋಚಿಂಗ್ ಸಿಕ್ತು. ಅವರಪ್ಪ ಒಂದು ದಿನದ ಕೂಲಿ ಬಿಟ್ಟು ಕೇಳೋಕೆ ಬಂದಿದ್ರು. ಬರದೇ ಇದ್ದಿದ್ರೆ ನನ್ನ ಲೆಕ್ಕವೇ ಸರಿ ಅಂತ ಉಳಿದುಬಿಡ್ತಿತ್ತು. ನೀವು ಝೋನ್ ಹಾಕೋವಾಗ ಕೇಳೋಕೆ ಬರಲಾಗದವರನ್ನು ನೆನಪಿಟ್ಕೊಳ್ಳಿ.