ನಿಮಗಿದು ಗೊತ್ತೇ? ‘ಸರ್ವರ್ ಡೌನ್’ ಪುಟವೂ ಒಂದು ಪುಟವೇ!

‘ಸರ್ವರ್ ಡೌನ್’ ಅಂದರೆ ಕೌಂಟರಿನ ಮುಂದೆ ನಿಂತ ನಮಗೆ ಒಂದೇ ಅರ್ಥ: ನಾಳೆ ಬನ್ನಿ. ವೆಬ್‌ಸೈಟಿನ ಪುಟಗಳನ್ನೆಲ್ಲ ಇಳಿಸಿ ಸ್ಥಿರ ಪ್ರತಿ ಮಾಡಿಡುವವರಿಗೆ ಮಾತ್ರ ಅದರಲ್ಲೂ ಜಾತಿಗಳಿವೆ. ಉತ್ತರದ ಜೊತೆ ಸರ್ವರ್ ಕಳಿಸುವ ಸಂಖ್ಯೆಯೇ ಜಾತಿ ಹೇಳುತ್ತದೆ. 500 ಬಂದರೆ ಸರ್ವರಿನೊಳಗೇ ಏನೋ ಕೆಟ್ಟಿದೆ. 504 ಆದರೆ ಅದರ ಹಿಂದಿರುವ ಇನ್ನೊಂದು ಸರ್ವರಿನಿಂದ ಹೊತ್ತಿಗೆ ಸರಿಯಾಗಿ ಉತ್ತರ ಬಂದಿಲ್ಲ. 503 ಅಂದರೆ ಸದ್ಯಕ್ಕೆ ಆಗದು, ಆಮೇಲೆ ನೋಡೋಣ.

503 ಹೇಳುವ ಸರ್ವರ್ ಎಷ್ಟು ಸೆಕೆಂಡು ಬಿಟ್ಟು ಬರಬೇಕೆಂದೂ ತಿಳಿಸಬಹುದು. ‘ರಿಟ್ರೈ-ಆಫ್ಟರ್’ ಸಾಲಿನಲ್ಲಿ 120 ಎಂದಿದ್ದರೆ ಎರಡು ನಿಮಿಷ. ಕೌಂಟರಿನವರಿಗಿಂತ ಎಷ್ಟೋ ವಾಸಿ!

ಪುಟಗಳನ್ನು ಇಳಿಸುವ ಪ್ರೋಗ್ರಾಮುಗಳಲ್ಲಿ 1996ರಲ್ಲಿ ಬಂದ ‘ಡಬ್ಲ್ಯೂಗೆಟ್’ ಬಲು ಹಟಮಾರಿ. ನಡುವೆ ಸಂಪರ್ಕ ಕಡಿದರೆ 20 ಸಲದವರೆಗೂ ಯತ್ನಿಸುತ್ತದೆ. ಆದರೆ 503 ಕಂಡಿತೋ, ಒಂದೇ ಏಟಿಗೆ ಕೈಚೆಲ್ಲಿ ಮುಂದಿನ ಪುಟಕ್ಕೆ ಹೋಗುತ್ತದೆ. ಈ ಸಂಖ್ಯೆ ಬಂದರೂ ಬಿಡಬೇಡ ಎಂದು ಮೊದಲೇ ಹೇಳಿರಬೇಕು. ಕೊನೆಗೆ ಅದು 8 ಎಂಬ ಸಂಕೇತ ಕೊಟ್ಟು ಮುಗಿಸಿದರೆ, ದಾರಿಯಲ್ಲೆಲ್ಲೋ ಸರ್ವರ್ ‘ಇಲ್ಲ’ ಅಂದಿದೆ ಎಂದರ್ಥ.

1998ರ ‘ಕರ್ಲ್’ ಇದಕ್ಕಿಂತ ಮುಗ್ಧ. ಸರ್ವರ್ ದೋಷದ ಪುಟ ಕೊಟ್ಟರೂ ಅದನ್ನೇ ಫೈಲಿಗೆ ಬರೆದು, ಎಲ್ಲ ಸರಿಯಾಯಿತು ಅನ್ನುತ್ತದೆ. ಅದೇ ಹೆಸರಿನಲ್ಲಿ ನಿನ್ನೆ ಇಳಿಸಿದ್ದ ಒಳ್ಳೆಯ ಪ್ರತಿ ಇದ್ದರೆ, ಅದು ಹೋಯಿತು. ‘ಫೇಲ್’ ಎಂಬ ಆಯ್ಕೆ ಕೊಟ್ಟರೆ ಮಾತ್ರ 22 ಎಂಬ ಸಂಕೇತದೊಂದಿಗೆ ಸೋಲೊಪ್ಪಿಕೊಳ್ಳುತ್ತದೆ. ಹೊಸ ಪ್ರತಿಯನ್ನು ಬೇರೆ ಫೋಲ್ಡರಿಗೆ ಇಳಿಸಿ, ಪರೀಕ್ಷಿಸಿ, ಆಮೇಲೆ ಹಳೆಯದನ್ನು ಸರಿಸುವುದು ಜಾಣತನ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಏನು ಬಂತು?

ಯಂತ್ರಗಳು ಯಾವ ಪುಟ ಮುಟ್ಟಬಾರದು ಎಂದು ಹೇಳುವ ‘ರೋಬಾಟ್ಸ್’ ಕಡತ ಕೇಳಿದಾಗ 404 ಬಂದರೆ, ಅಂದರೆ ಕಡತವೇ ಇಲ್ಲದಿದ್ದರೆ, ಎಲ್ಲವನ್ನೂ ತೆಗೆದುಕೊಳ್ಳಬಹುದು. 500 ಬಂದರೆ? ಯಾವುದನ್ನೂ ಮುಟ್ಟುವಂತಿಲ್ಲ! ಇದು 2022ರಲ್ಲಿ ಲಿಖಿತವಾದ ನಿಯಮ. ಯಜಮಾನ ಮನೆಯಲ್ಲಿದ್ದೂ ಮಾತಾಡದಿದ್ದರೆ ಹಿತ್ತಲಿಗೆ ಕಾಲಿಡಬೇಡಿ ಅಂದ ಹಾಗೆ.

ವೆಬ್ ಸಂಗ್ರಹಾಲಯಗಳು ಬಳಸುವ ‘ವಾರ್ಕ್’ ಕಡತ (2009ರಿಂದ ಐಎಸ್‌ಒ ಮಾನಕ) ದೋಷವನ್ನೂ ಗಂಟೆ, ನಿಮಿಷ ಸಮೇತ ದಾಖಲಿಸಿಡಬಲ್ಲದು. ಮುಂದಿನವರಿಗೆ ಅದೂ ಚರಿತ್ರೆ.

ಇವೆಲ್ಲಕ್ಕಿಂತ ಕಿಲಾಡಿ ದೋಷ ಇನ್ನೊಂದಿದೆ. ಪರದೆಯ ಮೇಲೆ ‘ಕ್ಷಮಿಸಿ, ಏನೋ ತಪ್ಪಾಗಿದೆ’ ಎಂದಿರುತ್ತದೆ. ಸಂಖ್ಯೆ ಮಾತ್ರ 200, ಅಂದರೆ ‘ಎಲ್ಲ ಕ್ಷೇಮ’. ಕಣ್ಣಿಗೆ ಕಾಣುವುದು ಪ್ರೋಗ್ರಾಮಿಗೆ ಕಾಣದು. ಲೇಖನ ಸಿಕ್ಕಿತೆಂದು ನಂಬಿ ಉಳಿಸಿಕೊಳ್ಳುತ್ತದೆ. ಹಿಡಿಯುವ ಉಪಾಯ ತೀರಾ ಸರಳ: ಇಳಿದ ಫೈಲುಗಳನ್ನು ಗಾತ್ರದ ಪ್ರಕಾರ ಜೋಡಿಸಿ. ನಿಜವಾದ ಲೇಖನಗಳು ಒಂದಕ್ಕೊಂದು ಅಳತೆಯಲ್ಲಿ ಹೊಂದುವುದು ಅಪರೂಪ. ನಲವತ್ತು ಫೈಲುಗಳು ಒಂದೇ ಗಾತ್ರದಲ್ಲಿ ಸಾಲಾಗಿ ನಿಂತಿದ್ದರೆ, ಯಾವುದಾದರೂ ಒಂದನ್ನು ತೆರೆದು ನೋಡಿ.