ಸಂಜೆಯಾದ್ರೆ ವೈಫೈ ಸುತ್ತುತ್ತಲೇ ಇರುತ್ತಾ? ಪ್ಲಾನ್ ಬದಲಿಸುವ ಮೊದಲು ರೂಟರ್‌ನಲ್ಲಿ ಇಷ್ಟು ಮಾಡಿ ನೋಡಿ

ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಈಗ ಮನೆ ಬಾಗಿಲ ತನಕ ಫೈಬರ್ ಕೇಬಲ್ ಬಂದಿದೆ. ತೋಟದ ಮನೆಯಲ್ಲೂ ವೈಫೈ ಇದೆ, ಪೇಟೆಯ ಕಿರಾಣಿ ಅಂಗಡಿಯಲ್ಲೂ ಇದೆ. ಆದರೂ ಸಂಜೆ ಏಳರ ನಂತರ ಗಿರಾಕಿಗೆ ‘ಸ್ವಲ್ಪ ತಡೀರಿ, ನೆಟ್ ಸ್ಲೋ ಇದೆ’ ಅನ್ನೋದು ತಪ್ಪಿಲ್ಲ. ಮಗಳ ಆನ್‌ಲೈನ್ ಕ್ಲಾಸ್ ಮಧ್ಯದಲ್ಲೇ ನಿಲ್ಲುತ್ತೆ, ಅರ್ಜಿ ಹಾಕೋ ಕೊನೇ ದಿನ ಪೇಜ್ ತೆರೆಯೋದೇ ಇಲ್ಲ.

ಇಂಥ ಹೊತ್ತಲ್ಲಿ ಹೆಚ್ಚಿನವರು ಮಾಡೋದು ಎರಡೇ ಕೆಲಸ. ಒಂದು, ರೂಟರ್ ಆಫ್ ಮಾಡಿ ಆನ್ ಮಾಡೋದು. ಇನ್ನೊಂದು, ತಿಂಗಳಿಗೆ ಇನ್ನೂರು ಮುನ್ನೂರು ಜಾಸ್ತಿ ಕೊಟ್ಟು ದೊಡ್ಡ ಪ್ಲಾನ್ ಹಾಕಿಸೋದು. ದುಡ್ಡು ಖರ್ಚು ಮಾಡುವ ಮೊದಲು ನೋಡಬೇಕಾದ ಸಂಗತಿಗಳು ಬೇರೆ ಇವೆ.

ಒಂದು ಮಾತು ಮೊದಲೇ ಹೇಳಬೇಕು. ಲೈನ್‌ನಲ್ಲಿ ಬರುವ ವೇಗವನ್ನು ಯಾವ ರೂಟರ್ ಸೆಟ್ಟಿಂಗೂ ಹೆಚ್ಚಿಸಲ್ಲ. ಅರ್ಧ ಇಂಚಿನ ಪೈಪ್‌ನಲ್ಲಿ ಬರೋದು ಅರ್ಧ ಇಂಚಿನ ನೀರೇ. ಆದರೆ ಆ ನೀರು ಮೊದಲು ಅಡುಗೆಮನೆಗೆ ಹೋಗಬೇಕೋ ತೋಟಕ್ಕೆ ಹೋಗಬೇಕೋ ಅನ್ನೋದನ್ನು ನಾವು ತೀರ್ಮಾನಿಸಬಹುದು. ರೂಟರ್ ಸೆಟ್ಟಿಂಗ್ ಅಂದರೆ ಇಷ್ಟೇ.

ಮೊದಲು ಅಳತೆ: ತೊಂದರೆ ಲೈನ್‌ದೋ, ವೈಫೈದೋ?

ಲ್ಯಾಪ್‌ಟಾಪ್ ಇದ್ದರೆ ರೂಟರ್‌ಗೆ ನೇರವಾಗಿ ಲ್ಯಾನ್ ಕೇಬಲ್ ಹಾಕಿ ಸ್ಪೀಡ್ ಟೆಸ್ಟ್ ಮಾಡಿ. ಇಲ್ಲದಿದ್ದರೆ ರೂಟರ್ ಪಕ್ಕದಲ್ಲೇ ನಿಂತು, ಉಳಿದ ಫೋನ್‌ಗಳ ವೈಫೈ ಆಫ್ ಮಾಡಿ, ಒಂದೇ ಫೋನ್‌ನಲ್ಲಿ ಮಾಡಿ. ಬೆಳಿಗ್ಗೆ ಆರಕ್ಕೆ ಒಮ್ಮೆ, ರಾತ್ರಿ ಎಂಟಕ್ಕೆ ಒಮ್ಮೆ. ಡೌನ್‌ಲೋಡ್, ಅಪ್‌ಲೋಡ್, ಪಿಂಗ್ ಮೂರನ್ನೂ ಚೀಟಿಯಲ್ಲಿ ಬರೆದಿಡಿ.

ರೂಟರ್ ಪಕ್ಕದಲ್ಲಿ ವೇಗ ಚೆನ್ನಾಗಿದ್ದು ಒಳಕೋಣೆಯಲ್ಲಿ ಇಲ್ಲ ಅಂದರೆ ತೊಂದರೆ ವೈಫೈದು. ಬೆಳಿಗ್ಗೆ ಚೆನ್ನಾಗಿದ್ದು ರಾತ್ರಿ ಪಕ್ಕದಲ್ಲೇ ನಿಂತರೂ ಇಲ್ಲ ಅಂದರೆ ಕಂಪನಿ ಕಡೆ ದಟ್ಟಣೆ ಇದೆ ಅಂತ. ಹೊತ್ತು ಯಾವುದೇ ಇರಲಿ, ಯಾವಾಗಲೂ ಕಮ್ಮಿ ಅಂದರೆ ಲೈನ್ ನೋಡಿಸಬೇಕು. ತಿಂಗಳ ಡೇಟಾ ಮಿತಿ ಮುಗಿದಿದ್ದರೂ ಕಂಪನಿಯೇ ವೇಗ ಇಳಿಸುತ್ತೆ, ಅದನ್ನೂ ಒಮ್ಮೆ ನೋಡಿ.

ಲೆಕ್ಕದಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತೆ. ಪ್ಲಾನ್‌ನಲ್ಲಿ ಹೇಳುವ ಎಂಬಿಪಿಎಸ್ ಅಂದರೆ ಮೆಗಾಬಿಟ್. ಫೋನ್‌ನಲ್ಲಿ ಫೈಲ್ ಅಳೆಯೋದು ಮೆಗಾಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 8 ಎಂಬಿಪಿಎಸ್ ಲೈನ್‌ನಲ್ಲಿ ಸೆಕೆಂಡಿಗೆ ಇಳಿಯೋದು ಹೆಚ್ಚೆಂದರೆ 1 ಎಂಬಿ ಮಾತ್ರ. ಕಂಪನಿ ಮೋಸ ಮಾಡ್ತಿದೆ ಅಂದುಕೊಳ್ಳುವ ಮೊದಲು 8ರಿಂದ ಭಾಗಿಸಿ ನೋಡಿ.

ಫೈಬರ್ ಬಾಕ್ಸ್‌ನ ದೀಪ ಏನು ಹೇಳುತ್ತೆ?

ಪಾನ್ ಅಂತ ಬರೆದ ದೀಪ ಮಿನುಗದೆ ಹಸಿರಾಗಿ ಉರಿಯಬೇಕು. ಎಲ್ಒಎಸ್ ದೀಪ ಕೆಂಪಾದರೆ ಬೆಳಕಿನ ಸಿಗ್ನಲ್ಲೇ ಬರ್ತಿಲ್ಲ. ಮರ ಬಿದ್ದು ಕೇಬಲ್ ತುಂಡಾಗಿರಬಹುದು, ಇಲ್ಲವೇ ಮನೆಯೊಳಗೆ ತೆಳ್ಳನೆ ಹಳದಿ ವೈರ್ ಮಡಚಿರಬಹುದು. ಫೈಬರ್ ವೈರನ್ನು ಚೂಪಾಗಿ ಮಡಚಬಾರದು, ಮೊಳೆ ಬಿಗಿದು ಒತ್ತಬಾರದು, ಅದರ ಮೇಲೆ ಬೀರು ಇಡಬಾರದು. ತುದಿಯನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಲೂಬಾರದು, ಅದರಲ್ಲಿ ಬರೋದು ಕಣ್ಣಿಗೆ ಕಾಣದ ಲೇಸರ್ ಬೆಳಕು.

ರೂಟರ್‌ನ ಸ್ಟೇಟಸ್ ಪುಟದಲ್ಲಿ ‘ಆರ್‌ಎಕ್ಸ್ ಪವರ್’ ಅಂತ ಒಂದು ಸಂಖ್ಯೆ ಇರುತ್ತೆ. ಸಾಮಾನ್ಯವಾಗಿ ಅದು ಮೈನಸ್ 8ರಿಂದ ಮೈನಸ್ 27 ಡಿಬಿಎಂ ಒಳಗಿರಬೇಕು. ಮೈನಸ್ 20 ಇದ್ದರೆ ಆರಾಮ. ಮೈನಸ್ 27 ದಾಟಿ 28, 29 ಅಂತ ತೋರಿಸಿದರೆ ಸಿಗ್ನಲ್ ತೀರಾ ಕ್ಷೀಣ. ಲೈನ್‌ಮನ್ ಬಂದಾಗ ‘ನೆಟ್ ಸರಿ ಇಲ್ಲ’ ಅನ್ನುವ ಬದಲು ಈ ಸಂಖ್ಯೆ ತೋರಿಸಿ. ಎಲ್ಲಿ ಹುಡುಕಬೇಕು ಅಂತ ಅವರಿಗೂ ಗೊತ್ತಾಗುತ್ತೆ.

ರೂಟರ್ ಜಾಗ ಬದಲಿಸಿ

ಕೇಬಲ್ ಒಳಬಂದ ಮೂಲೆಯಲ್ಲೇ, ಟಿವಿ ಹಿಂದೆ ಅಥವಾ ಕಬ್ಬಿಣದ ಬೀರು ಮೇಲೆ ರೂಟರ್ ಇಟ್ಟಿರ್ತೀವಿ. ಕಬ್ಬಿಣ, ತಗಡು, ನೀರಿನ ಟ್ಯಾಂಕ್, ದಪ್ಪ ಕಲ್ಲಿನ ಗೋಡೆ ಎಲ್ಲವೂ ವೈಫೈಗೆ ಅಡ್ಡ. ಅಂಗಡಿಯ ಷಟರ್ ಕೂಡ. ಎದೆಯೆತ್ತರಕ್ಕಿಂತ ಮೇಲೆ, ಮನೆಯ ನಡುಭಾಗಕ್ಕೆ ಹತ್ತಿರ, ಸುತ್ತ ತೆರೆದ ಜಾಗದಲ್ಲಿ ಇಡಿ.

ರೂಟರ್‌ನಲ್ಲಿ ಎರಡು ಹೆಸರಿನ ವೈಫೈ ಇದ್ದರೆ, 2.4 ಗಿಗಾಹರ್ಟ್ಸ್‌ನದು ದೂರ ಹೋಗುತ್ತೆ, ಗೋಡೆ ದಾಟುತ್ತೆ. 5 ಗಿಗಾಹರ್ಟ್ಸ್‌ನದು ವೇಗ ಜಾಸ್ತಿ, ಆದರೆ ಹತ್ತಿರಕ್ಕೆ ಮಾತ್ರ. ನಿಮ್ಮ ಲೈನೇ 10 ಎಂಬಿಪಿಎಸ್ ಇದ್ದರೆ 2.4 ಸಾಕು. ಸುತ್ತ ಮನೆಗಳಿಲ್ಲದ ತೋಟದ ಮನೆಗೆ ಅದೇ ಸರಿ. ಆದರೆ ಪೇಟೆ ಬೀದಿಯಲ್ಲಿ ಹತ್ತಾರು ಅಂಗಡಿಗಳ ವೈಫೈ ಒಂದರ ಮೇಲೊಂದು ಬೀಳುತ್ತೆ. ಅಲ್ಲಿ ಕೌಂಟರ್‌ನ ಫೋನನ್ನು 5ಕ್ಕೆ ಹಾಕಿ. 2.4 ಬಳಸಲೇಬೇಕಾದರೆ ಚಾನೆಲ್ 1, 6, 11ರಲ್ಲಿ ಖಾಲಿ ಇರುವುದನ್ನು ಆರಿಸಿ, ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇಡಿ. ಬಿಲ್ಲಿಂಗ್ ಕಂಪ್ಯೂಟರ್‌ಗೆ ವೈಫೈ ಬೇಡ, ಕೇಬಲ್ ಎಳೆದುಬಿಡಿ.

ಸಂಜೆ ನೆಟ್ ಕಟ್ಟಿಕೊಳ್ಳೋದು ಅಪ್‌ಲೋಡ್‌ನಿಂದ

ಎಲ್ಲರೂ ಡೌನ್‌ಲೋಡ್ ವೇಗ ನೋಡ್ತಾರೆ, ಅಪ್‌ಲೋಡ್ ಯಾರೂ ನೋಡಲ್ಲ. ಬಹಳ ಕಡೆ ಕೂತಿರುವ ತೊಂದರೆ ಅಲ್ಲೇ.

ಮದುವೆಗೆ ಹೋಗಿ ಬಂದವರ ಫೋನ್‌ನಲ್ಲಿ 200 ಫೋಟೋ ಇವೆ ಅಂದುಕೊಳ್ಳಿ. ಒಂದೊಂದು 4 ಎಂಬಿ. ಮನೆಗೆ ಬಂದು ವೈಫೈ ಸಿಕ್ಕ ತಕ್ಷಣ ಫೋನ್ ತನ್ನ ಪಾಡಿಗೆ ಬ್ಯಾಕಪ್ ಶುರು ಮಾಡುತ್ತೆ. ಅಪ್‌ಲೋಡ್ 1 ಎಂಬಿಪಿಎಸ್ ಇದ್ದರೆ ಒಂದು ಫೋಟೋಗೆ 32 ಸೆಕೆಂಡ್. ಇನ್ನೂರಕ್ಕೆ ಒಂದೂ ಮುಕ್ಕಾಲು ಗಂಟೆ. ಅಷ್ಟು ಹೊತ್ತೂ ಹೊರಹೋಗುವ ದಾರಿ ಭರ್ತಿ. ಯುಪಿಐ ಪಾವತಿಗೆ ಒಂದು ಫೋಟೋದಷ್ಟೂ ಡೇಟಾ ಬೇಡ. ಆದರೆ ಆ ಸಣ್ಣ ಸಂದೇಶ ಫೋಟೋಗಳ ಸಾಲಿನ ಹಿಂದೆ ನಿಂತುಬಿಡುತ್ತೆ. ಚಕ್ರ ಸುತ್ತೋದು ಅದಕ್ಕೇ.

ಇದನ್ನು ನೀವೇ ಪರೀಕ್ಷಿಸಬಹುದು. ಯಾರೂ ಬಳಸದಿದ್ದಾಗ ಪಿಂಗ್ ಎಷ್ಟಿದೆ ನೋಡಿ. ಒಂದು ದೊಡ್ಡ ವಿಡಿಯೋ ಕಳಿಸುತ್ತಿರುವಾಗ ಮತ್ತೆ ನೋಡಿ. 30 ಇದ್ದದ್ದು 300, 500 ಆಯಿತು ಅಂದರೆ ರೋಗ ಇದೇ.

ಮದ್ದು: ರೂಟರ್‌ನಲ್ಲಿ ಮಿತಿ ಹಾಕಿ

ರೂಟರ್ ತಳದ ಚೀಟಿಯಲ್ಲಿ 192.168.1.1 ಅಥವಾ 192.168.0.1 ಅಂತ ವಿಳಾಸ, ಯೂಸರ್ ನೇಮ್, ಪಾಸ್‌ವರ್ಡ್ ಇರುತ್ತೆ. ಫೋನ್‌ನ ಬ್ರೌಸರ್‌ನಲ್ಲಿ ಆ ವಿಳಾಸ ಹಾಕಿದರೆ ಸೆಟ್ಟಿಂಗ್ ಪುಟ ತೆರೆಯುತ್ತೆ. ಏನನ್ನೇ ಬದಲಿಸುವ ಮೊದಲು ಆ ಪುಟದ ಫೋಟೋ ತೆಗೆದಿಡಿ.

ಒಳಗೆ ಕ್ಯೂಒಎಸ್, ಬ್ಯಾಂಡ್‌ವಿಡ್ತ್ ಕಂಟ್ರೋಲ್ ಅಥವಾ ಎಸ್‌ಕ್ಯೂಎಂ ಅಂತ ಒಂದು ಆಯ್ಕೆ ಹುಡುಕಿ. ಅದನ್ನು ಆನ್ ಮಾಡಿ, ನೀವು ಅಳೆದ ವೇಗದ ಶೇ 85ರಷ್ಟನ್ನು ಮಿತಿಯಾಗಿ ತುಂಬಿ. ಡೌನ್‌ಲೋಡ್ 10, ಅಪ್‌ಲೋಡ್ 2 ಎಂಬಿಪಿಎಸ್ ಇದ್ದರೆ 8.5 ಮತ್ತು 1.7. ಕೆಲವು ರೂಟರ್ ಕೆಬಿಪಿಎಸ್‌ನಲ್ಲಿ ಕೇಳುತ್ತೆ. ಆಗ 8500 ಮತ್ತು 1700. ಸ್ವಲ್ಪ ವೇಗ ಬಿಟ್ಟುಕೊಟ್ಟ ಹಾಗೆ ಕಾಣಬಹುದು. ಆದರೆ ದಾರಿ ಪೂರ್ತಿ ತುಂಬದ ಹಾಗೆ ನೋಡಿಕೊಂಡರೆ ಯಾವುದು ಮುಂದೆ ಹೋಗಬೇಕು ಅನ್ನೋದನ್ನು ರೂಟರೇ ನಿಭಾಯಿಸುತ್ತೆ. ಆದ್ಯತೆ ಕೊಡುವ ಆಯ್ಕೆ ಇದ್ದರೆ ಬಿಲ್ಲಿಂಗ್ ಕಂಪ್ಯೂಟರ್, ಪಾವತಿಯ ಫೋನ್, ಕ್ಲಾಸ್‌ನ ಲ್ಯಾಪ್‌ಟಾಪ್ ಇವನ್ನು ಮೇಲೆ ಇಡಿ.

ಕಂಪನಿ ಕೊಟ್ಟ ಕೆಲವು ಬಾಕ್ಸ್‌ಗಳಲ್ಲಿ ಈ ಆಯ್ಕೆ ಇರಲ್ಲ. ಆಗ ಈ ಸೌಲಭ್ಯ ಇರುವ ಇನ್ನೊಂದು ರೂಟರ್ ತಂದು, ಹಳೆ ಬಾಕ್ಸ್‌ನ ಲ್ಯಾನ್ ಕಿಂಡಿಯಿಂದ ಹೊಸದರ ವ್ಯಾನ್ ಕಿಂಡಿಗೆ ಕೇಬಲ್ ಕೊಟ್ಟು, ಹಳೆಯದರ ವೈಫೈ ಆಫ್ ಮಾಡಬಹುದು.

ಪುಕ್ಕಟೆ ಮದ್ದುಗಳೂ ಇವೆ

ಫೋಟೋ ಬ್ಯಾಕಪ್ ಸಂಜೆ ನಿಲ್ಲಿಸಿ, ಮಲಗುವಾಗ ಆನ್ ಮಾಡಿ. ವಾಟ್ಸಾಪ್‌ನಲ್ಲಿ ವಿಡಿಯೋ ತಾನಾಗಿ ಡೌನ್‌ಲೋಡ್ ಆಗೋದನ್ನು ತೆಗೆಯಿರಿ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಆ ವೈಫೈಯನ್ನು ‘ಮೀಟರ್ಡ್’ ಅಂತ ಗುರುತು ಮಾಡಿದರೆ ಅಪ್‌ಡೇಟ್ ಹಾವಳಿ ಕಮ್ಮಿಯಾಗುತ್ತೆ.

ಯೂಟ್ಯೂಬ್‌ನಲ್ಲಿ 1080ಪಿ ವಿಡಿಯೋಗೆ ಸುಮಾರು 5 ಎಂಬಿಪಿಎಸ್ ಬೇಕು, 480ಪಿಗೆ ಸುಮಾರು 1.1 ಸಾಕು. ಟಿವಿಯಲ್ಲಿ ಒಬ್ಬರು ಗುಣಮಟ್ಟ ಇಳಿಸಿದರೆ ಇನ್ನೊಬ್ಬರ ಕ್ಲಾಸ್ ಉಳಿಯುತ್ತೆ.

ಅಂಗಡಿಯ ಸಿಸಿ ಕ್ಯಾಮೆರಾ ಕ್ಲೌಡ್‌ಗೆ ಸದಾ ಕಳಿಸುವ ಬಗೆಯದಾದರೆ ಅದೂ ಅಪ್‌ಲೋಡ್ ತಿನ್ನುತ್ತೆ. ರೆಕಾರ್ಡಿಂಗ್ ಅಂಗಡಿಯಲ್ಲಿರುವ ಹಾರ್ಡ್‌ಡಿಸ್ಕ್ ಅಥವಾ ಮೆಮೊರಿ ಕಾರ್ಡ್‌ಗೇ ಹೋಗಲಿ. ಮನೆಯಿಂದ ಮೊಬೈಲ್‌ನಲ್ಲಿ ನೋಡುವಾಗ ‘ಸಬ್ ಸ್ಟ್ರೀಮ್’ ಆರಿಸಿ.

ಬಂದವರಿಗೆಲ್ಲ ಮುಖ್ಯ ಪಾಸ್‌ವರ್ಡ್ ಕೊಡಬೇಡಿ. ‘ಗೆಸ್ಟ್ ನೆಟ್‌ವರ್ಕ್’ ಮಾಡಿ, ಅದಕ್ಕೆ ಬೇರೆ ಪಾಸ್‌ವರ್ಡ್ ಇಡಿ. ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಕೂಡ ಬದಲಿಸಿ, ಡಬ್ಲ್ಯೂಪಿಎಸ್ ಆಫ್ ಮಾಡಿ. ಡಿಎನ್‌ಎಸ್ ಜಾಗದಲ್ಲಿ 1.1.1.1 ಅಥವಾ 8.8.8.8 ಹಾಕಿದರೆ ಕೆಲವೊಮ್ಮೆ ಪೇಜ್ ಬೇಗ ತೆರೆಯಲು ಶುರುವಾಗಬಹುದು, ಲೈನ್ ವೇಗವೇನೂ ಹೆಚ್ಚಲ್ಲ. ‘ನೆಟ್ ಸ್ಪೀಡ್ ಬೂಸ್ಟರ್’ ಆ್ಯಪ್‌ಗಳ ತಂಟೆಗೆ ಹೋಗಲೇಬೇಡಿ.

ಇವನ್ನು ಮಾತ್ರ ಮಾಡಬೇಡಿ

ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ ರೀಸೆಟ್ ಒತ್ತಬೇಡಿ. ಕಂಪನಿಯವರು ತುಂಬಿದ ಪಿಪಿಪಿಒಇ ಯೂಸರ್ ನೇಮ್, ವಿಲ್ಯಾನ್ ಸಂಖ್ಯೆ ಎಲ್ಲ ಅಳಿಸಿಹೋಗಬಹುದು. ಆಮೇಲೆ ಅವರು ಬರುವ ತನಕ ಇದ್ದ ನೆಟ್ಟೂ ಇಲ್ಲ. ಸ್ವಿಚ್ ಆಫ್ ಮಾಡಿ ಆನ್ ಮಾಡೋದು ಬೇರೆ, ರೀಸೆಟ್ ಬೇರೆ. ‘ವ್ಯಾನ್’ ಪುಟದಲ್ಲಿರುವುದನ್ನೂ ಮುಟ್ಟಬೇಡಿ.

ಗುಡುಗು ಶುರುವಾದರೆ ಅಡಾಪ್ಟರ್ ಪ್ಲಗ್ ಕಿತ್ತಿಡಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ ನಿಜ, ಆದರೆ ಸಿಡಿಲಿನ ಹೊಡೆತ ವಿದ್ಯುತ್ ಲೈನ್ ಮೂಲಕ ಬರುತ್ತೆ. ಹಳೆ ತಾಮ್ರದ ಫೋನ್ ಲೈನ್ ಇದ್ದರೆ ಅದನ್ನೂ ಕಿತ್ತಿಡಿ. ರೂಟರ್‌ಗೆ ಮಿನಿ ಯುಪಿಎಸ್ ಕೊಳ್ಳುವಾಗ ಅಡಾಪ್ಟರ್ ಮೇಲಿನ ವೋಲ್ಟ್ ಮತ್ತು ಆಂಪಿಯರ್ ನೋಡಿಯೇ ಕೊಳ್ಳಿ. 12 ವೋಲ್ಟ್‌ನದೂ ಇದೆ, 9 ವೋಲ್ಟ್‌ನದೂ ಇದೆ.

ಪಾವತಿ ಅರ್ಧಕ್ಕೆ ನಿಂತರೆ ಗಿರಾಕಿಯಿಂದ ತಕ್ಷಣ ಎರಡನೇ ಸಲ ಹಾಕಿಸಬೇಡಿ. ಅವರ ಸ್ಕ್ರೀನ್ ನಂಬದೆ ನಿಮ್ಮದೇ ಆ್ಯಪ್‌ನ ಲೆಕ್ಕ ನೋಡಿ. ಸೌಂಡ್‌ಬಾಕ್ಸ್ ತಡವಾಗಿ ಕೂಗಿದರೆ ಅದು ವೈಫೈ ತಪ್ಪಲ್ಲದಿರಬಹುದು, ಬಹುತೇಕ ಬಾಕ್ಸ್‌ಗಳಲ್ಲಿ ಅದರದೇ ಸಿಮ್ ಇರುತ್ತೆ.

ಇಷ್ಟಾದರೂ ಸರಿಯಾಗದಿದ್ದರೆ

ಆಗ ತೊಂದರೆ ನಿಮ್ಮ ಮನೆಯದಲ್ಲ. ಕಂಪನಿಯ ಸಹಾಯವಾಣಿಗೆ ದೂರು ಕೊಟ್ಟು ಡಾಕೆಟ್ ನಂಬರ್ ಬರೆದುಕೊಳ್ಳಿ. ಲೈನ್‌ಮನ್‌ಗೆ ಬರೀ ಫೋನ್ ಮಾಡಿ ಹೇಳಿದ್ದು ದೂರಿನ ಲೆಕ್ಕಕ್ಕೆ ಬರಲ್ಲ. ಟ್ರಾಯ್ ನಿಯಮದಂತೆ ಪ್ರತಿ ಕಂಪನಿಯಲ್ಲೂ ದೂರು ಕೇಂದ್ರದ ಮೇಲೆ ಮೇಲ್ಮನವಿ ಪ್ರಾಧಿಕಾರ ಇರಲೇಬೇಕು, ಅಲ್ಲಿಗೆ ಹೋಗಲು ಈ ನಂಬರ್ ಬೇಕು. ದೇಶದಲ್ಲಿ ಬ್ರಾಡ್‌ಬ್ಯಾಂಡ್ ಅಂತ ಕರೆಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ಇರಬೇಕು ಅಂತ ದೂರಸಂಪರ್ಕ ಇಲಾಖೆ 2023ರಲ್ಲಿ ನಿಗದಿ ಮಾಡಿದೆ. ಅದಕ್ಕೂ ಮೊದಲು ಈ ಮಿತಿ 512 ಕೆಬಿಪಿಎಸ್ ಇತ್ತು.

ಬೆಳಿಗ್ಗೆ, ರಾತ್ರಿ ಬರೆದಿಟ್ಟ ವೇಗದ ಚೀಟಿ, ಆರ್‌ಎಕ್ಸ್ ಪವರ್ ಸಂಖ್ಯೆ, ಡಾಕೆಟ್ ನಂಬರ್ ಈ ಮೂರೂ ಕೈಯಲ್ಲಿರಲಿ. ಒಂದೇ ಲೈನ್‌ನ ನಾಲ್ಕು ಮನೆಯವರು ಒಟ್ಟಿಗೆ ಇದೇ ಲೆಕ್ಕ ಕೊಟ್ಟರೆ ‘ನಿಮ್ಮ ರೂಟರ್ ಸರಿ ಇಲ್ಲ’ ಅಂತ ಹೇಳಿ ಕಳಿಸೋದು ಕಷ್ಟವಾಗುತ್ತೆ.